ಪ್ಯಾನಿಕ್ ಆದ ಬೋರ್ಡ್‌ನ ಕೊನೆಯ ಲಾಗ್ ಎಲ್ಲಿ ಸಿಗುತ್ತೆ?

ಎಲೆಕ್ಟ್ರಾನಿಕ್ ಸಿಟಿ, ವೈಟ್‌ಫೀಲ್ಡ್ ಕಡೆಯ ಲ್ಯಾಬ್‌ಗಳಲ್ಲಿ ಎಂಬೆಡೆಡ್ ಲಿನಕ್ಸ್ (ಉಪಕರಣಗಳೊಳಗಿನ ಬೋರ್ಡ್‌ಗಳಲ್ಲಿ ಓಡುವ ಲಿನಕ್ಸ್) ಕೆಲಸಕ್ಕೆ ಹೊಸದಾಗಿ ಸೇರಿದವರು ಪದೇಪದೇ ಕೇಳುವುದು ಇದನ್ನೇ: "ಬೋರ್ಡ್ ಪ್ಯಾನಿಕ್ ಆಗಿ ನಿಂತುಹೋಯ್ತು. ಆಫ್ ಮಾಡಿ ಆನ್ ಮಾಡಿದ್ರೆ ಲಾಗ್ ಫೈಲಲ್ಲಿ ಏನೂ ಇಲ್ಲ. ಕಾರಣ ಹುಡುಕೋದು ಹೇಗೆ?"

ಆಫ್ ಮಾಡಿದಾಗಲೇ ಸಾಕ್ಷಿ ಹೋಯಿತು. ಪ್ಯಾನಿಕ್ ಅಂದರೆ ಲಿನಕ್ಸ್‌ನ ತಿರುಳಾದ ಕರ್ನಲ್ ಸರಿಪಡಿಸಲಾಗದ ದೋಷಕ್ಕೆ ಸಿಕ್ಕಿ ನಿಂತುಬಿಡುವುದು. ಆಗ ಅದು ಫೈಲ್‌ಗೆ ಬರೆಯುವ ಸ್ಥಿತಿಯಲ್ಲಿ ಇರುವುದಿಲ್ಲ, ಕೊನೆಯ ಸಾಲುಗಳು ರ‍್ಯಾಮ್‌ನಲ್ಲೇ ಉಳಿದಿರುತ್ತವೆ. ಕರೆಂಟ್ ತಪ್ಪದೆ ಬರೀ ರೀಸೆಟ್ ಆದರೆ ಅವು ಸಾಮಾನ್ಯವಾಗಿ ಅಳಿಯುವುದಿಲ್ಲ. ಅವನ್ನು ಓದಲು ರ‍್ಯಾಮ್‌ಊಪ್ಸ್ ಡ್ರೈವರ್‌ಗೆ (ಲಾಗನ್ನು ರ‍್ಯಾಮ್‌ನಲ್ಲಿ ಉಳಿಸಿಡುವ ಕರ್ನಲ್ ಭಾಗ) ಮೊದಲೇ ಜಾಗ ಕಾದಿರಿಸಿರಬೇಕು.

ಅದಕ್ಕೆ ಡಿವೈಸ್ ಟ್ರೀಯ (ಬೋರ್ಡ್‌ನ ಹಾರ್ಡ್‌ವೇರ್ ವಿವರ) ರಿಸರ್ವ್ಡ್ ಮೆಮೊರಿಯಲ್ಲಿ 1 ಎಂಬಿ ಸಾಕು. ಕನ್ಸೋಲ್‌ಗೆ (ಕರ್ನಲ್ ಸಂದೇಶಗಳ ಸಾಲುಗಳಿಗೆ) 256 ಕೆಬಿ, ಒಂದೊಂದು ರೆಕಾರ್ಡ್‌ಗೆ (ಒಂದು ಪ್ಯಾನಿಕ್‌ನ ಲಾಗ್‌ಗೆ) 128 ಕೆಬಿ ಕೊಟ್ಟರೆ ಆರು ರೆಕಾರ್ಡ್ ಹಿಡಿಯುತ್ತವೆ. ರೆಕಾರ್ಡ್‌ಗೆ 96 ಕೆಬಿ ಅಂತ ಬರೆದರೆ ಡ್ರೈವರ್ ಅದನ್ನು 64ಕ್ಕೆ ಇಳಿಸುತ್ತದೆ, ಅಳತೆ ಎರಡರ ಘಾತವೇ ಆಗಿರಬೇಕು. ಕನ್ಸೋಲ್ ಭಾಗವನ್ನಂತೂ ಬಿಡಲೇಬೇಡಿ. ಬೋರ್ಡ್ ಹ್ಯಾಂಗ್ ಆಗಿ ವಾಚ್‌ಡಾಗ್ (ಬೋರ್ಡ್ ಸ್ಪಂದಿಸದಿದ್ದರೆ ರೀಸೆಟ್ ಮಾಡುವ ಟೈಮರ್) ರೀಸೆಟ್ ಮಾಡಿದರೆ ಪ್ಯಾನಿಕ್ ರೆಕಾರ್ಡ್ ಹುಟ್ಟುವುದೇ ಇಲ್ಲ. ಕನ್ಸೋಲ್ ಭಾಗಕ್ಕೆ ಮಾತ್ರ ಪ್ರತಿ ಸಾಲೂ ಬಂದ ಹಾಗೇ ಬಿದ್ದಿರುತ್ತದೆ.

ಬಹಳ ಕಡೆ ಎಡವುವುದು ಪ್ಯಾನಿಕ್ ಟೈಮೌಟ್‌ನಲ್ಲಿ (ಪ್ಯಾನಿಕ್ ಆದ ಮೇಲೆ ರೀಬೂಟ್‌ಗೆ ಮುನ್ನ ಕಾಯುವ ಸಮಯ). ಅದು 0 ಇದ್ದರೆ ಕರ್ನಲ್ ತಾನಾಗಿ ರೀಬೂಟ್ ಆಗದೆ ಸುಮ್ಮನೆ ನಿಲ್ಲುತ್ತದೆ, ಯಾರೋ ಬಂದು ಅಡಾಪ್ಟರ್ ಕೀಳುತ್ತಾರೆ. ಬೂಟ್ ಆರ್ಗ್ಯುಮೆಂಟ್‌ಗಳಲ್ಲಿ ಅದನ್ನು 5 ಸೆಕೆಂಡ್‌ಗೆ ಇಡಿ. ಇನ್ನೊಂದು, ಕರ್ನಲನ್ನು ಲೋಡ್ ಮಾಡುವ ಯು-ಬೂಟ್ ತನ್ನನ್ನು ರ‍್ಯಾಮ್‌ನ ಮೇಲ್ತುದಿಗೆ ಸ್ಥಳಾಂತರಿಸಿಕೊಳ್ಳುತ್ತದೆ. ನಿಮ್ಮ 1 ಎಂಬಿ ಅಲ್ಲೇ ಇದ್ದರೆ ಅದರ ಮೇಲೇ ಬರೆದುಬಿಡುತ್ತದೆ. ರೀಸೆಟ್ ವೇಳೆ ರಿಫ್ರೆಶ್ (ಡೇಟಾ ಅಳಿಯದಂತೆ ರ‍್ಯಾಮ್ ಪದೇಪದೇ ಮಾಡುವ ಮರುಚಾರ್ಜ್) ನಿಂತು ಅಲ್ಲೊಂದು ಇಲ್ಲೊಂದು ಬಿಟ್ ಕೆಡುವುದೂ ಉಂಟು. ಇಸಿಸಿಗೆ (ಕೆಟ್ಟ ಬಿಟ್‌ಗಳನ್ನು ಸರಿಪಡಿಸುವ ಹೆಚ್ಚುವರಿ ಡೇಟಾ) 16 ಬೈಟ್ ಕೊಟ್ಟರೆ ಅಂಥವು ಬಹುಪಾಲು ಸರಿಹೋಗುತ್ತವೆ.

ಸೆಟಪ್ ಆದ ಮೇಲೆ ಕರ್ನಲ್‌ಗೆ ನೇರ ಆದೇಶ ಕೊಡುವ ಸಿಸ್‌ಆರ್‌ಕ್ಯೂ ಟ್ರಿಗರ್ ಫೈಲ್‌ಗೆ 'ಸಿ' (c) ಅಕ್ಷರ ಬರೆದು ನೀವೇ ಕ್ರ್ಯಾಶ್ ಮಾಡಿಸಿ ನೋಡಿ. ರೀಬೂಟ್ ನಂತರ, ಉಳಿದ ಲಾಗ್‌ಗಳು ಫೈಲ್‌ಗಳಾಗಿ ಕಾಣುವ ಪಿಸ್ಟೋರ್ ಡೈರೆಕ್ಟರಿಯಲ್ಲಿ ರೆಕಾರ್ಡ್ ಕಾಣಬೇಕು. ಖಾಲಿ ಇದ್ದರೆ ಗಾಬರಿ ಬೇಡ: ಬೂಟ್ ವೇಳೆ ಸೇವೆಗಳನ್ನು ಶುರುಮಾಡುವ ಸಿಸ್ಟಮ್‌ಡಿ ಇರುವ ಬೋರ್ಡ್‌ನಲ್ಲಿ ಅದು ಫೈಲ್‌ಗಳನ್ನು /var/lib ಅಡಿಯ ತನ್ನದೇ ಪಿಸ್ಟೋರ್ ಡೈರೆಕ್ಟರಿಗೆ ಸಾಗಿಸಿರಬಹುದು.

ಲಾಗ್‌ನಲ್ಲಿ ಸಿಕ್ಕ ಸ್ಟ್ಯಾಕ್‌ನಲ್ಲಿ (ಕ್ರ್ಯಾಶ್‌ವರೆಗಿನ ಫಂಕ್ಷನ್ ಕರೆಗಳ ಪಟ್ಟಿ) ಫಂಕ್ಷನ್ ಹೆಸರು, ಅದರೊಳಗಿನ ಸ್ಥಾನ ಹೇಳುವ ಆಫ್‌ಸೆಟ್ ಇರುತ್ತವೆ. ಅದನ್ನು ಸೋರ್ಸ್ ಸಾಲಿಗೆ ತಿರುಗಿಸಲು ಅದೇ ಬಿಲ್ಡ್‌ನ, ಡೀಬಗ್ ಮಾಹಿತಿ ಇರುವ ವಿಎಮ್‌ಲಿನಕ್ಸ್ (ಕಂಪೈಲ್ ಆದ ಪೂರ್ಣ ಕರ್ನಲ್ ಫೈಲ್) ಬೇಕು. ಬೇರೆ ಬಿಲ್ಡ್‌ನದ್ದು ಹಾಕಿದರೆ ತಪ್ಪು ಸಾಲು ತೋರಿಸಿ ಇಡೀ ದಿನ ಕೆಡಿಸಬಹುದು. ಹಾಗಾಗಿ ಬೋರ್ಡ್‌ಗೆ ಹೋಗುವ ಪ್ರತಿ ಇಮೇಜ್ ಜೊತೆ ಅದರ ವಿಎಮ್‌ಲಿನಕ್ಸನ್ನೂ ಬಿಲ್ಡ್ ಸರ್ವರ್‌ನಲ್ಲಿ ಎತ್ತಿಡಿ.