ಬಾಯಿ ಬಿಟ್ಟ ಹದ್ದಿಗೆ ನೀರು

ಮೊನ್ನೆ ಪಕ್ಕದ ಬೀದಿಯ ಹೊಂಗೆಮರದಿಂದ ಹದ್ದೊಂದು ಗಾಳಿಪಟದ ಮಾಂಜಾ ದಾರದ ಸಮೇತ ಕೆಳಗೆ ಬಿತ್ತು. ಆಷಾಢದ ಗಾಳಿ ಎದ್ದಿತೆಂದರೆ ಬೆಂಗಳೂರಿನಲ್ಲಿ ಇದು ಮಾಮೂಲು. ಟವೆಲ್ಲು, ರಟ್ಟಿನ ಡಬ್ಬ ಬರುವಷ್ಟರಲ್ಲಿ ಸುತ್ತ ಜನ ಸೇರಿಯಾಗಿತ್ತು. ಅಪಾರ್ಟ್‌ಮೆಂಟಿನ ವಾಚ್‌ಮನ್ ಬಾಟಲಿಯ ಮುಚ್ಚಳದಲ್ಲಿ ನೀರು ಹಿಡಿದು ಕೊಕ್ಕಿನ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದ.

“ಬಾಯಿ ಬಿಡ್ತಾ ಐತೆ ಸಾರ್. ಬಾಯಾರ್ಕೆ ಅದ್ಕೆ.”

ವಾರವಿಡೀ ಈ ಮಾತೇ ಕಿವಿಯಲ್ಲಿದೆ. ಹದ್ದು ಬಾಯಿ ಬಿಟ್ಟಿದ್ದು ನೀರಿಗಲ್ಲ, ದಿಗಿಲಿಗೆ. ಹೆದರಿದಾಗಲೂ ಮೈ ಕಾದಾಗಲೂ ಹಕ್ಕಿಗಳು ಹೀಗೇ ಬಾಯಿ ತೆರೆದು ಏದುಸಿರು ಬಿಡುತ್ತವೆ. ತೆರೆದ ಕೊಕ್ಕಿನೊಳಗೆ ನೋಡಿದರೆ ನಾಲಗೆಯ ಬುಡದಲ್ಲೇ ಒಂದು ಸಣ್ಣ ಸೀಳು ತೆರೆದು ಮುಚ್ಚುತ್ತಿರುವುದು ಕಾಣುತ್ತದೆ. ಅದು ಉಸಿರುನಾಳದ ಬಾಯಿ. ಸುರಿದ ನೀರು ಅದರೊಳಗೆ ಇಳಿದರೆ ಸೇರುವುದು ಶ್ವಾಸಕೋಶಕ್ಕೆ. ರೆಕ್ಕೆಯ ಗಾಯದಿಂದ ಬದುಕಬಹುದಾಗಿದ್ದ ಹಕ್ಕಿ ನೀರು ಕುಡಿಸಿದ್ದರಿಂದಲೇ ಸಾಯುವುದುಂಟು.

ವಾಚ್‌ಮನ್ ಕೆಟ್ಟವನಲ್ಲ. ಮೊಬೈಲ್ ಎತ್ತಿ ವಿಡಿಯೋ ಮಾಡುತ್ತಿದ್ದವರಿಗಿಂತ ಎಷ್ಟೋ ಪಾಲು ವಾಸಿ. ಕೊನೆಯುಸಿರಿನವರ ಬಾಯಿಗೆ ಗಂಗೆ ಬಿಟ್ಟು ಬೆಳೆದ ಜನ ನಾವು. ತೆರೆದ ಬಾಯಿ ಕಂಡರೆ ಕೈ ತಾನಾಗಿ ನೀರಿನ ಕಡೆ ಹೋಗುತ್ತದೆ. ಸುಮ್ಮನಿರಿ ಅಂದರೆ ಕಲ್ಲುಮನಸ್ಸಿನವರು ಅನ್ನಿಸಿಕೊಳ್ಳಬೇಕು. ಹಾಲಿನಲ್ಲಿ ನೆನೆಸಿದ ಬ್ರೆಡ್ಡು ತಂದ ಆಂಟಿಗೂ ಅದೇ ಬೇಜಾರು. ಹಕ್ಕಿಗೆ ಹಾಲು ಅರಗುವುದಿಲ್ಲ, ಹದ್ದಿಗಂತೂ ಬ್ರೆಡ್ಡು ಆಹಾರವೇ ಅಲ್ಲ.

ಹಿಡಿಯುವಾಗ ಮೊದಲು ತಲೆ ಮುಚ್ಚುವಂತೆ ಟವೆಲ್ಲು ಹಾಕಬೇಕು. ಕತ್ತಲಾದರೆ ಅರ್ಧ ಗಾಬರಿ ಇಳಿಯುತ್ತದೆ. ಎಲ್ಲರೂ ಹೆದರುವುದು ಕೊಕ್ಕಿಗೆ, ಆದರೆ ಹದ್ದಿನ ಆಯುಧ ಪಂಜ. ರೆಕ್ಕೆಗಳನ್ನು ಮೈಗೆ ಮಡಚಿ, ಎರಡೂ ಕಾಲುಗಳನ್ನು ಟವೆಲ್ಲಿನ ಮೇಲಿಂದಲೇ ಹಿಡಿಯಿರಿ. ಎದೆಯನ್ನು ಮಾತ್ರ ಅದುಮಬೇಡಿ. ಹಕ್ಕಿಗೆ ನಮ್ಮಂತೆ ಎದೆ ಹೊಟ್ಟೆಗಳ ನಡುವೆ ಉಸಿರೆಳೆಯುವ ಸ್ನಾಯುಪದರ, ಅಂದರೆ ವಪೆ, ಇಲ್ಲ, ಎದೆಗೂಡು ಹಿಗ್ಗಿ ಕುಗ್ಗಿದರೆ ಮಾತ್ರ ಉಸಿರಾಟ. ಬಿಗಿ ಹಿಡಿದರೆ ಕೈಯಲ್ಲೇ ಹೋಗುತ್ತದೆ.

ಒಬ್ಬ ಹುಡುಗ ದಾರ ಎಳೆಯಲು ಹೊರಟಿದ್ದ. ಗಾಜಿನ ಪುಡಿ ಮೆತ್ತಿದ ದಾರ ಎಳೆದಷ್ಟೂ ಕೊಯ್ಯುತ್ತದೆ. ಹದ್ದಿನ ಭುಜದಿಂದ ರೆಕ್ಕೆಯ ಮಣಿಕಟ್ಟಿಗೆ ಚಾಚಿದ ತೆಳು ಚರ್ಮದಲ್ಲಿ ಅದು ಹೂತು ಹೋಗಿತ್ತು, ಸುತ್ತ ಗರಿ ರಕ್ತಕ್ಕೆ ಅಂಟಿ ಕಪ್ಪಾಗಿತ್ತು. ಆ ಚರ್ಮದ ಅಂಚಿನಲ್ಲೇ ರೆಕ್ಕೆ ಚಾಚುವ ಸ್ನಾಯುರಜ್ಜು ಇದೆ. ಅದು ತುಂಡಾದರೆ ಗಾಯ ಮಾಯ್ದರೂ ಹಾರಾಟ ಕಷ್ಟ. ಹಾಗಾಗಿ ಹೊರಗಿನ ದಾರವನ್ನು ಗೇಣುದ್ದ ಬಿಟ್ಟು ಕತ್ತರಿಸಿ, ಒಳಗಿನದನ್ನು ವೈದ್ಯರಿಗೆ ಬಿಡಬೇಕು. ಅರಿಸಿನ, ಎಣ್ಣೆ, ಮುಲಾಮು ಯಾವುದೂ ಬೇಡ. ಗರಿಗೆ ಜಿಡ್ಡು ಹಿಡಿದರೆ ಅದೇ ಇನ್ನೊಂದು ರೋಗ. ನೈಲಾನ್ ಮಾಂಜಾವನ್ನು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2017ರಲ್ಲೇ ದೇಶಾದ್ಯಂತ ನಿಷೇಧಿಸಿದೆ. ಮರಗಳಿಗೆ ಆ ಸುದ್ದಿ ಇನ್ನೂ ಮುಟ್ಟಿಲ್ಲ.

ಹಕ್ಕಿ ವಿದ್ಯುತ್ ತಂತಿಯಲ್ಲಿ ಸಿಕ್ಕಿದ್ದರೆ ದೋಟಿ ಹಿಡಿದು ಹೋಗಲೇಬೇಡಿ, ಬೆಸ್ಕಾಂನ 1912ಕ್ಕೆ ಫೋನ್ ಮಾಡಿ.

ಡಬ್ಬ ರಟ್ಟಿನದೇ ಇರಲಿ. ತಂತಿ ಪಂಜರದಲ್ಲಿ ಬಡಿದಾಡಿ ಗರಿ ಮುರಿದುಕೊಳ್ಳುತ್ತದೆ, ಮುರಿದ ಗರಿ ಉದುರಿ ಹೊಸದು ಬರಲು ತಿಂಗಳುಗಳೇ ಬೇಕು. ತೂತುಗಳನ್ನು ಹಕ್ಕಿಯನ್ನು ಒಳಗಿಡುವ ಮೊದಲೇ ಮಾಡಿ, ಅಡಿಗೆ ಕಾಲು ಜಾರದಂತೆ ಹಳೇ ಬಟ್ಟೆ ಹಾಸಿ. ಆಮೇಲೆ ಮುಚ್ಚಳ ತೆಗೆದು ತೆಗೆದು ನೋಡಬಾರದು. ಎಲ್ಲರಿಂದಲೂ ಆಗದ ಕೆಲಸ ಇದೊಂದೇ.

ಹತ್ತಿರದ ಕ್ಲಿನಿಕ್ಕಿನಲ್ಲಿ “ನಾಯಿ ಬೆಕ್ಕು ಮಾತ್ರ” ಅಂದರು. ಅದರಲ್ಲಿ ತಪ್ಪಿಲ್ಲ, ಹಕ್ಕಿ ವೈದ್ಯವೇ ಬೇರೆ. ಆದರೆ ಎಲ್ಲಿಗೆ ಒಯ್ಯಬೇಕು ಅಂತ ಒಂದು ಚೀಟಿಯಾದರೂ ಬರೆದು ಗೋಡೆಗೆ ಅಂಟಿಸಬಾರದೆ? ಡಬ್ಬ ಹೊತ್ತು ಬಾಗಿಲು ಬಾಗಿಲು ಅಲೆಯುವ ಬದಲು ಮೊದಲು ಫೋನ್ ಮಾಡುವುದು ಮೇಲು. ಅರಣ್ಯ ಇಲಾಖೆಯ ಸಹಾಯವಾಣಿ 1926. ಬೆಂಗಳೂರಿನವರಿಗೆ ಕೆಂಗೇರಿ ಕಡೆ ಪೀಪಲ್ ಫಾರ್ ಅನಿಮಲ್ಸ್‌ನ ವನ್ಯಜೀವಿ ಆಸ್ಪತ್ರೆ ಇದೆ. ಫೋನಿನಲ್ಲಿ ಗಾಯ ಎಲ್ಲಿ, ರಕ್ತ ನಿಂತಿದೆಯೇ, ಹಕ್ಕಿ ತಾನಾಗಿ ಕಾಲೂರಿ ನಿಲ್ಲುತ್ತಿದೆಯೇ ಇಷ್ಟು ಹೇಳಿದರೆ ಸಾಕು. ಬೆಕ್ಕು ಕಚ್ಚಿದ ಹಕ್ಕಿಯಾದರೆ ಗಾಯ ಕಾಣದಿದ್ದರೂ ಅದನ್ನೇ ಮೊದಲು ಹೇಳಿ. ಬೆಕ್ಕಿನ ಹಲ್ಲಿನ ಬ್ಯಾಕ್ಟೀರಿಯಾ ಬೇಗ ಕೊಲ್ಲುತ್ತದೆ, ಆಂಟಿಬಯಾಟಿಕ್ ತಡವಾಗಬಾರದು.

ವಾಸಿಯಾದ ಹಕ್ಕಿಯನ್ನು ಸಾಮಾನ್ಯವಾಗಿ ಸಿಕ್ಕ ಜಾಗದ ಹತ್ತಿರವೇ ಬಿಡುತ್ತಾರೆ. ಅದಕ್ಕೆ ಡಬ್ಬದ ಮೇಲೆ ಬೀದಿ, ಗುರುತು, ಸಿಕ್ಕ ಹೊತ್ತು ಬರೆದುಕೊಡಿ. ಯಾರಾದರೂ ನೀರು ಕುಡಿಸಿದ್ದರೆ ಅದನ್ನೂ ಬರೆಯಿರಿ. ಬೈಯುತ್ತಾರೆಂದು ಮುಚ್ಚಿಟ್ಟರೆ ವೈದ್ಯರು ರೆಕ್ಕೆ ನೋಡುತ್ತ ಕೂರುತ್ತಾರೆ, ತೊಂದರೆ ಶ್ವಾಸಕೋಶದಲ್ಲಿರುತ್ತದೆ.