ಕವೆಗೋಲಿನಂಥ ದವಡೆಯ ಇರುವೆ

ಮೆಕ್ಸಿಕೊದಿಂದ ಬ್ರೆಜಿಲ್‌ವರೆಗಿನ ಉಷ್ಣವಲಯದ ಕಾಡುಗಳಲ್ಲಿ, ತರಗೆಲೆಗಳ ನಡುವೆ ಬದುಕುವ ಥಾಮಟೊಮಿರ್ಮೆಕ್ಸ್ ಎಂಬ ಅಪರೂಪದ ಇರುವೆ ಕುಲದ ಬಗ್ಗೆ ಓದುತ್ತಿದ್ದೇನೆ. ಅದರ ದವಡೆಯ ಚಿತ್ರದಿಂದ ಕಣ್ಣು ಕೀಳಲಾಗುತ್ತಿಲ್ಲ. ದವಡೆಯ ಹಲ್ಲುಗಳು ಮುಳ್ಳಿನಂತೆ ಎಷ್ಟು ನೀಳವೆಂದರೆ, ಬಾಯಿ ಮುಚ್ಚಿದಾಗ ಒಂದರ ಮೇಲೊಂದು ಹಾಯ್ದು ತಲೆಯ ಅಂಚನ್ನೂ ಮೀರಿ ಚಾಚಿಕೊಳ್ಳುತ್ತವೆ.

ಕೀಟತಜ್ಞ ಗುಸ್ತಾವ್ ಮಯರ್ ಈ ಕುಲವನ್ನು 1887ರಲ್ಲೇ ವಿವರಿಸಿದ್ದರೂ, ಇಂಥ ದವಡೆ ಯಾತಕ್ಕೆಂಬುದನ್ನು ಬ್ರೆಜಿಲ್‌ನ ಸಂಶೋಧಕರು ಪ್ರಕಟಿಸಿದ್ದು 1991ರಲ್ಲಿ. ಇದರ ಬೇಟೆ ಪಾಲಿಕ್ಸೆನಿಡ್ ಎಂಬ ಪುಟ್ಟ ಸಹಸ್ರಪದಿ. ಮೆತ್ತನೆಯ ಆ ಜೀವಿಗೆ ಮೈತುಂಬ ಇರುವ ಬಿರುಗೂದಲೇ ಕವಚ. ಬೇರೆ ಇರುವೆಗಳು ಮುಟ್ಟಿದರೆ ಕೊಕ್ಕೆಯುಳ್ಳ ಕೂದಲು ಕಳಚಿ ಅವುಗಳ ಮೈಗೆ ಸಿಕ್ಕಿಕೊಂಡು ಚಲನೆಯನ್ನೇ ಕಟ್ಟಿಹಾಕುತ್ತದೆ. ಥಾಮಟೊಮಿರ್ಮೆಕ್ಸ್ ಮಾತ್ರ ನೀಳ ಹಲ್ಲುಗಳ ನಡುವೆ ಅದನ್ನು ಹಿಡಿದು, ಕುಟುಕಿ, ಗೂಡಿಗೆ ಒಯ್ದು, ದವಡೆಯಿಂದಲೂ ಮುಂಗಾಲಿನ ಗಿಡ್ಡ ಗಟ್ಟಿ ರೋಮಗಳಿಂದಲೂ ಕೂದಲನ್ನೆಲ್ಲ ತರಿದು ತೆಗೆದ ಮೇಲೆಯೇ ತಿನ್ನುತ್ತದೆ. ಕೋಳಿಯ ಪುಕ್ಕ ತರಿದಂತೆಯೇ ಇದು.

ಇದರ ಗೂಡಿನಲ್ಲಿರುವುದು ಬೆರಳೆಣಿಕೆಯ ಇರುವೆಗಳು. ಅಧ್ಯಯನಕ್ಕೆ ಸಿಕ್ಕ ಪ್ರಭೇದಗಳಲ್ಲಿ ಪ್ರತ್ಯೇಕ ರಾಣಿಯಿಲ್ಲ, ಗಂಡಿನೊಡನೆ ಕೂಡಿದ ಕೆಲಸಗಾರ ಇರುವೆಯೇ ಮೊಟ್ಟೆಯಿಡುತ್ತದೆ. ಒಂದೇ ಬಗೆಯ ಆಹಾರಕ್ಕೆ ಇಷ್ಟು ಅಚ್ಚುಕಟ್ಟಾಗಿ ಒಗ್ಗಿದ ಜೀವಿಗೆ ಆ ಸಹಸ್ರಪದಿ ಇರುವ ತರಗೆಲೆಯ ಪದರ ಉಳಿಯಲೇಬೇಕು ಎಂಬುದು ಓದುವಾಗ ನನ್ನನ್ನು ಹೆಚ್ಚು ಕಾಡಿದ ಸಂಗತಿ.