ಲೇಸರ್ ಕಟರ್ ನಿಜವಾಗಿಯೂ ಬ್ಯುಸಿ ಇತ್ತಾ?

ಪುಣೆಯ ಕೋಥರೂಡ್‌ನಲ್ಲಿ ನಾವು ಕೆಲವರು ಸೇರಿ ನಡೆಸುವ ಮೇಕರ್‌ಸ್ಪೇಸ್‌ನಲ್ಲಿ (ಮಷೀನು, ಉಪಕರಣ ಹಂಚಿಕೊಂಡು ಏನಾದರೂ ಮಾಡಿಕೊಳ್ಳುವ ಜಾಗ) ಯಾವಾಗಲೂ ಒಂದೇ ದೂರು: ಲೇಸರ್ ಕಟರ್ ಖಾಲಿ ಸಿಗೋದೇ ಇಲ್ಲ. ಬುಕಿಂಗ್ ರಿಜಿಸ್ಟರ್ ತೆಗೆದು ನೋಡಿದರೆ ಶನಿವಾರ, ಭಾನುವಾರ ಪೂರ್ತಿ ಭರ್ತಿ. ಚಂದಾ ಎತ್ತಿ ಇನ್ನೊಂದು ಮಷೀನ್ ತರೋಣ ಅನ್ನುವ ಮಾತೂ ಶುರುವಾಗಿತ್ತು. ನನಗೆ ಮಾತ್ರ ಆ ರಿಜಿಸ್ಟರ್ ಮೇಲೆ ನಂಬಿಕೆ ಇರಲಿಲ್ಲ. ಬುಕ್ ಆಗಿದೆ ಅಂದ ಮಾತ್ರಕ್ಕೆ ಮಷೀನ್ ಕತ್ತರಿಸ್ತಾ ಇದೆ ಅಂತಲ್ಲ, ಅಲ್ವಾ?

ಎಲೆಕ್ಟ್ರಾನಿಕ್ಸ್ ಸಾಮಾನು ಸಿಗುವ ತಾಪಕೀರ್ ಗಲ್ಲಿಗೆ ಹೋಗಿ ಕರೆಂಟ್ ಅಳೆಯುವ ಒಂದು ಕ್ಲ್ಯಾಂಪ್ ಸೆನ್ಸರ್ ತಂದೆ. ರೀಡಿಂಗ್ ತೆಗೆದುಕೊಳ್ಳುವ ಇಎಸ್‌ಪಿ32 ಅನ್ನುವ ಪುಟ್ಟ ಕಂಪ್ಯೂಟರ್ ಬೋರ್ಡ್ ಮನೆಯಲ್ಲೇ ಬಿದ್ದಿತ್ತು. ಈ ಕ್ಲ್ಯಾಂಪ್‌ಗೆ ವೈರ್ ಕತ್ತರಿಸಬೇಕಿಲ್ಲ, ಸುತ್ತ ಹಿಡಿಸಿದರೆ ಸಾಕು. ಆದರೆ ಇಡೀ ಕೇಬಲ್‌ಗೆ ಹಾಕಿದರೆ ಸೊನ್ನೆ ತೋರಿಸುತ್ತದೆ. ಫೇಸ್‌ನಲ್ಲಿ ಹೋದ ಕರೆಂಟೇ ನ್ಯೂಟ್ರಲ್‌ನಲ್ಲಿ ವಾಪಸ್ ಬರುವುದರಿಂದ ಎರಡರ ಕಾಂತಕ್ಷೇತ್ರ ವಜಾ ಆಗಿಬಿಡುತ್ತದೆ. ಫೇಸ್ ವೈರ್ ಒಂದಕ್ಕೇ ಹಾಕಬೇಕು. ನಮ್ಮದು ಸಣ್ಣ ಮಷೀನ್, ಎಳೆಯೋದು ಕೆಲವೇ ಆಂಪಿಯರ್. ಅದಕ್ಕೆ 30 ಆಂಪಿಯರ್‌ನ ಕ್ಲ್ಯಾಂಪ್ ತಗೊಂಡು, ಸಣ್ಣ ಕರೆಂಟೂ ಸ್ಪಷ್ಟವಾಗಿ ಕಾಣಲಿ ಅಂತ ವೈರನ್ನು ಅದರೊಳಗೆ ಮೂರು ಸಲ ಹಾಯಿಸಿದೆವು. ರೀಡಿಂಗ್ ಮೂರು ಪಟ್ಟು ಬರುತ್ತದೆ, ಕೋಡ್‌ನಲ್ಲಿ ಮೂರರಿಂದ ಭಾಗಿಸಿದರಾಯ್ತು.

ಮೇನ್ ಆಫ್ ಮಾಡಿ ವೈರಿಂಗ್ ಮಾಡಿಕೊಟ್ಟವರು ನಮ್ಮ ಕಾಕಾ. ಅಕ್ಕಲಕೋಟೆಯವರು, ಮನೆಮಾತು ಕನ್ನಡ. "ಏನೋ ತಮ್ಮಾ, ಮಷೀನಿಗೆ ಇಸಿಜಿ ಮಾಡಾಕತ್ತಿ ಏನು?" ಅಂದರು. ಒಂದು ರೀತಿ ಅದೇ.

ಸೆಕೆಂಡಿಗೊಂದು ರೀಡಿಂಗ್ ಅಂದರೆ ದಿನಕ್ಕೆ 86,400. ಜಾಸ್ತಿ ಆಯ್ತು ಅಂತ ನಿಮಿಷದ ಸರಾಸರಿ ತೆಗೆದರೆ ವಿಷಯವೇ ಕೆಡುತ್ತದೆ. ಅರ್ಧ ನಿಮಿಷ ಕತ್ತರಿಸಿ ಅರ್ಧ ನಿಮಿಷ ಸುಮ್ನಿದ್ದ ಮಷೀನ್, ಇಡೀ ನಿಮಿಷ ಅರೆಬರೆ ಓಡಿದ ಹಾಗೆ ಕಾಣುತ್ತದೆ. ಹಾಗಾಗಿ ಪ್ರತಿ ಸೆಕೆಂಡನ್ನೂ ಮೂರರಲ್ಲೊಂದು ಗುಂಪಿಗೆ ಹಾಕಿದೆ: ಆಫ್, ಆನ್ ಆಗಿ ಸುಮ್ನಿದೆ, ಕತ್ತರಿಸುತ್ತಿದೆ. ಆಮೇಲೆ ಬರೀ ಎಣಿಕೆ. ದೊಡ್ಡ ಗಣಿತ ಏನೂ ಇಲ್ಲ.

ಗ್ರಾಫ್ ನೋಡಿದರೆ "ಆನ್ ಆಗಿ ಸುಮ್ನಿದೆ" ಅನ್ನುವ ಚಪ್ಪಟೆ ಗೆರೆಯೇ ಉದ್ದಕ್ಕೂ. ಜನ ಅಲ್ಲೇ ಕೂತು ಡ್ರಾಯಿಂಗ್ ತಿದ್ದುತ್ತಿದ್ದರು. ಎಲ್ಲೋ ಗೆರೆ ಕೂಡಿಲ್ಲ, ಎಲ್ಲೋ ಮಿಲಿಮೀಟರ್ ಹೋಗಿ ಇಂಚ್ ಆಗಿದೆ. ಇನ್ನು ಪ್ರತಿಯೊಬ್ಬರೂ 3 ಮಿ.ಮೀ. ಅಕ್ರಿಲಿಕ್‌ಗೆ ಎಷ್ಟು ಪವರ್, ಎಷ್ಟು ಸ್ಪೀಡ್ ಅಂತ ಮೊದಲಿನಿಂದ ಹುಡುಕುವುದು ಬೇರೆ. ಹಳೇ ಕಂಪ್ಯೂಟರ್ ಒಂದನ್ನು ಕಿಟಕಿ ಪಕ್ಕ ಫೈಲ್ ತಿದ್ದುವುದಕ್ಕೆಂದೇ ಇಟ್ಟೆವು. ಬೇರೆ ಬೇರೆ ಸೆಟ್ಟಿಂಗ್‌ನಲ್ಲಿ ಕತ್ತರಿಸಿದ ಅಕ್ರಿಲಿಕ್, ಪ್ಲೈವುಡ್ ತುಂಡುಗಳನ್ನು ಹಲಗೆಗೆ ಅಂಟಿಸಿ ಗೋಡೆಗೆ ಹಾಕಿದೆವು. ಕ್ಯೂ ಕರಗಿತು. ಹೊಸ ಮಷೀನಿನ ಮಾತು ಈಗ ಯಾರೂ ಎತ್ತುತ್ತಿಲ್ಲ.

ಯಾರು ಎಷ್ಟು ಹೊತ್ತು ತಗೋತಾರೆ ಅಂತಲೂ ಕಾರ್ಡ್ ಸ್ವೈಪ್ ಮಾಡಿಸಿ ಬರೆದಿಡೋಣ ಅಂತ ಒಬ್ಬರು ಹೇಳಿದರು. ನಾನು ಒಪ್ಪಲಿಲ್ಲ. ರಜಾ ದಿನ ಖುಷಿಗೆ ಬರುವ ಜಾಗದಲ್ಲಿ ಹಾಜರಿ ಪುಸ್ತಕ ಯಾರಿಗೆ ಬೇಕು? ಮಷೀನನ್ನು ಅಳೆಯೋಣ, ಮನುಷ್ಯರನ್ನು ಬಿಟ್ಟುಬಿಡೋಣ ಅಂದೆ.

ಮರದ ಕೆಲಸದ ಮೂಲೆಯಲ್ಲಿ ಪಿಎಂ 2.5, ಅಂದರೆ ತೀರಾ ಸಣ್ಣ ಕಣಗಳ ಧೂಳು ಅಳೆಯುವ ಸೆನ್ಸರನ್ನೂ ಇಟ್ಟಿದ್ದೇನೆ. ಮಳೆಗಾಲದ ತೇವಕ್ಕೆ ಅದು ಸ್ವಲ್ಪ ಜಾಸ್ತಿಯೇ ತೋರಿಸುತ್ತದೆ, ಆದರೂ ಏರಿಳಿತ ಗೊತ್ತಾಗುತ್ತದೆ. ಎಂಡಿಎಫ್ (ಮರದ ನಾರು ಒತ್ತಿ ಮಾಡಿದ ಹಲಗೆ) ಉಜ್ಜಿದವರು ಸ್ಯಾಂಡರ್ ಜೊತೆಗೇ ಎಕ್ಸಾಸ್ಟ್ ಫ್ಯಾನನ್ನೂ ಆರಿಸಿ ಹೋಗುತ್ತಾರೆ. ಸಣ್ಣ ಧೂಳು ಆಮೇಲೂ ಬಹಳ ಹೊತ್ತು ಗಾಳಿಯಲ್ಲೇ ಇರುತ್ತದೆ. ಫ್ಯಾನ್ ತಡವಾಗಿ ಆಫ್ ಆಗುವ ಹಾಗೆ ಟೈಮರ್ ರಿಲೇ ಹಾಕಿಸಬೇಕು. ಚಂದಾ ದುಡ್ಡಲ್ಲಿ ಮೊದಲು ಅದನ್ನೇ ತರೋಣ ಅಂತ ಕಾಕಾ ಜೊತೆ ಮಾತಾಗಿದೆ.